ಒಲೆಯೋ ಬಾಗಿಲೋ

ಯಾರ ಮನೆಗೆ ಹೋದರೂ ನಾನು ಒಲೆ ಎಣಿಸುತ್ತೇನೆ. ಚಪ್ಪಲಿ ಬಿಟ್ಟು, ನಮಸ್ಕಾರ ಹೇಳಿ, ಸೋಫಾದಲ್ಲಿ ಕೂತು, ಕೊಟ್ಟ ನೀರು ಕುಡಿಯುವಷ್ಟರಲ್ಲಿ ನನ್ನ ಕಣ್ಣು ಅಡಿಗೆಮನೆಗೆ ಹೋಗಿ ಬಂದಿರುತ್ತದೆ. ಒಂದೇ ಒಲೆ ಕಂಡರೆ ನೆಮ್ಮದಿ. ಗರಾಜಿನಲ್ಲಿ ಇನ್ನೊಂದು ಅಡಗಿ ಕೂತಿದೆಯೆಂದು ಒಗ್ಗರಣೆಯ ವಾಸನೆಯಿಂದ ಪತ್ತೆಯಾದರೆ, ಈ ಮನೆಯವರು ಕಾನೂನಿನ ಪ್ರಕಾರ ಎರಡು ಮನೆಯವರು, ಪಾಪ, ಇವರಿಗೇ ಗೊತ್ತಿಲ್ಲ ಎಂದು ಒಳಗೊಳಗೇ ಮರುಗುತ್ತೇನೆ. ನನ್ನ ಹೆಂಡತಿ ವತ್ಸಲೆ ಇದನ್ನು ಕಂಡುಹಿಡಿದು ಬಹಳ ಕಾಲವಾಯಿತು. "ರೀ, ಜನ ನಿಮ್ಮನ್ನ ಊಟಕ್ಕೆ ಕರೆದಿರೋದು, ಜನಗಣತಿಗಲ್ಲ," ಎನ್ನುತ್ತಾಳೆ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಡಾಟ್‌ಕಾಂ ಕಾಲದಲ್ಲಿ, ಯೂನಿಯನ್ ಸಿಟಿಯ ಪಕ್ಕದ ನಮ್ಮ ಪುಟ್ಟ ಊರಿನ ಸಿಟಿ ಹಾಲ್ ನನಗೆ ಅಂಟಿಸಿದ್ದು. ಆ ಕಾಲ ನಿಮಗೂ ನೆನಪಿರಬಹುದು. ಫ್ರೀವೇ ಬದಿಯ ಬೋರ್ಡುಗಳಲ್ಲಿ ದಿನಕ್ಕೊಂದು ಹೊಸ ಕಂಪನಿಯ ಹೆಸರು. ಅದು ಏನು ಮಾರುತ್ತದೆಂದು ತಿಳಿಯುವಷ್ಟರಲ್ಲಿ ಬೋರ್ಡೇ ಬದಲು. ಮೌಂಟನ್ ವ್ಯೂನಲ್ಲಿದ್ದ ನನ್ನ ಆಫೀಸು ಏನು ಮಾಡುತ್ತದೆ ಎಂದು ಅಮ್ಮ ಕೇಳಿದಾಗಲೆಲ್ಲ ನಾನು ಬೇರೆ ಬೇರೆ ಉತ್ತರ ಕೊಡುತ್ತಿದ್ದೆ. ಎಲ್ಲವೂ ಆಯಾ ವಾರದ ಮಟ್ಟಿಗೆ ನಿಜವೇ. ಹೋಟೆಲಿನ ಕೈಯೊರೆಸುವ ಕಾಗದದ ಮೇಲೆ ನಾಲ್ಕು ಗೆರೆ ಎಳೆದು ತೋರಿಸಿದವರಿಗೆ ಊಟ ಮುಗಿಯುವುದರೊಳಗೆ ಕಂಪನಿ ಹುಟ್ಟುತ್ತಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಂಥ ಕಾಲದಲ್ಲಿ, ನನ್ನ ತಾಯಿಗೆ ಒಂದು ಒಲೆ ಬೇಕು ಎಂದಾಗ, ಒಂದು ಊರಿನ ಸಭೆ ಎರಡು ಸಲ ಕೂತು, ಧ್ವಜದ ಕೆಳಗೆ, ಮೈಕಿನ ಮುಂದೆ, ಯಾಕೆ ಎಂದು ಕೇಳಿತು. ಆ ಬೆರಗಿನಿಂದ ನಾನು ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಅಮ್ಮ ಮಂಡ್ಯದ ಮಿಡ್ಲ್‌ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಆಮೇಲೆ ಮೈಸೂರಿನಲ್ಲಿ ಮನೆ ಮಾಡಿಕೊಂಡು, ಶಾಲೆಯಿಲ್ಲದ ಕೊರತೆಯನ್ನು ಬಾಡಿಗೆದಾರರನ್ನು ಆಳುವುದರಲ್ಲಿ ತುಂಬಿಕೊಂಡಿದ್ದರು. ನಾನೂ ವತ್ಸಲೆಯೂ ಇಬ್ಬರೂ ಕೆಲಸಕ್ಕೆ ಹೋಗುವವರು; ಮಗಳು ಅನೂ ಡೇಕೇರ್‌ನಲ್ಲಿ ಬೆಳೆಯುವುದು ಬೇಡವೆಂದು ಅಮ್ಮನನ್ನು ನಾವೇ ಬೇಡಿ ಕರೆಸಿಕೊಂಡೆವು. ಬಂದ ಹೊಸದರಲ್ಲೇ ಒಂದು ಬೆಳಗ್ಗೆ ಅಡಿಗೆಮನೆಯ ಒಲೆಯ ಮೇಲೆ ನಾನು ಮೊಟ್ಟೆ ಹುರಿಯುತ್ತಿದ್ದದ್ದನ್ನು ನೋಡಿದರು. ಮೈಸೂರಿನಿಂದ ತಂದಿದ್ದ ಪಾತ್ರೆಗಳನ್ನು ಎತ್ತಿಕೊಂಡು ಗರಾಜಿಗೆ ನಡೆದರು. ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಒಂದು ಕರೆಂಟಿನ ಒಲೆ ಇಟ್ಟುಕೊಂಡು, ಮಡಿ ಸೀರೆ ಉಟ್ಟು, ಸ್ವಯಂಪಾಕ ಆರಂಭಿಸಿದರು.

ನಮ್ಮ ಗರಾಜಿನ ಬಾಗಿಲು ಕಾರಿನಲ್ಲಿ ಕೂತೇ ಗುಂಡಿ ಒತ್ತಿದರೆ ಮೇಲೇಳುವ ಜಾತಿಯದು. ಸಂಜೆ ಆಫೀಸಿನಿಂದ ಬಂದು ಬೀದಿಯ ತಿರುವಿನಲ್ಲಿ ಗುಂಡಿ ಒತ್ತುತ್ತಿದ್ದೆ. ಕಂಪನಿ ನಾಟಕದ ಪರದೆಯಂತೆ ಬಾಗಿಲು ನಿಧಾನವಾಗಿ ಏರುತ್ತಿತ್ತು. ಮೊದಲು ಅಮ್ಮನ ಪಾದ, ಆಮೇಲೆ ಸೀರೆಯ ಅಂಚು, ಆಮೇಲೆ ಕೈಯಲ್ಲಿ ಸೌಟು, ಕೊನೆಗೆ ಮುಖ. ಬೀದಿಯಲ್ಲಿ ನಾಯಿ ತಿರುಗಾಡಿಸುವವರು ನಿಂತು ನೋಡಿ, ಕೈಯಾಡಿಸಿ, ಮುಂದೆ ಹೋಗುತ್ತಿದ್ದರು. ಅಮ್ಮ ಸೌಟನ್ನೇ ಎತ್ತಿ ಆಶೀರ್ವದಿಸುತ್ತಿದ್ದರು.

ಇದು ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ದಿನ ಒಗ್ಗರಣೆಯ ಎಣ್ಣೆಗೆ ಬೆಂಕಿ ಹತ್ತಿ, ಪಕ್ಕದಲ್ಲಿ ಒಣಗಲು ಹಾಕಿದ್ದ ನನ್ನ ಪಂಚೆ ಆಹುತಿಯಾಯಿತು. ಅಮ್ಮ ಬಕೆಟ್ಟಿನ ನೀರು ಎರಚಿ ಆರಿಸಿ, ಕೈ ಒರೆಸಿಕೊಂಡು ಒಳಗೆ ಬಂದು, "ನೋಡಪ್ಪ, ನನಗೊಂದು ಕೋಣೆ ಕಟ್ಸು. ಅದರಲ್ಲೊಂದು ಒಲೆ ಹಾಕ್ಸು. ಆಗಲ್ಲ ಅಂದ್ರೆ ಮೈಸೂರಿಗೆ ಟಿಕೆಟ್ ಮಾಡ್ಸು. ಜಗಳ ಏನಿಲ್ಲ," ಎಂದರು. ಜಗಳ ಏನಿಲ್ಲ ಎಂದು ಅಮ್ಮ ಹೇಳಿದರೆ ತೀರ್ಪು ಬರೆದಾಗಿದೆ, ಓದುವುದೊಂದೇ ಬಾಕಿ ಎಂದರ್ಥ. ಅನೂ ಆ ರಾತ್ರಿ ಊಟಕ್ಕೆ ಕೂತು, "ಈಸ್ ಅಜ್ಜಿ ಗೋಯಿಂಗ್ ಹೋಂ?" ಎಂದು ಕೇಳಿದಳು. ವತ್ಸಲೆ ನನ್ನ ಮುಖ ನೋಡಿದಳು. ನಾನು ಸಾರು ಕಲಸಿಕೊಂಡೆ.

ಮನೆಯ ಹಿಂದೆ ಜಾಗವಿತ್ತು. ಕೋಣೆ ಕಟ್ಟುವುದಕ್ಕೆ ಸಿಟಿಯ ಅನುಮತಿ ಬೇಕು. ಪ್ಲೆಸೆಂಟನ್‌ನಲ್ಲಿದ್ದ ನನ್ನ ಗೆಳೆಯ ರಘು, ಹಾಸನದವನು, ವ್ಯವಹಾರ ಬಲ್ಲವನು, ಫೋನಿನಲ್ಲಿ ಎಚ್ಚರಿಸಿದ: "ಅಡಿಗೆಮನೆ ಅಂತ ಎಲ್ಲೂ ಬಾಯಿಬಿಡಬೇಡ ಮಾರಾಯ. ಹಾಬಿ ರೂಮು ಅನ್ನು. ಪರ್ಮಿಟ್ ಕೈಗೆ ಬಂದ್ಮೇಲೆ ನಿಮ್ಮಮ್ಮನ ಹಾಬಿ ಸಾರು ಅಂತ ಇಟ್ಕೊ." ಸರಿಯಾದ ಸಲಹೆ. ಆದರೆ ನಾನು ಹೆಡ್‌ಮಿಸ್ಟ್ರೆಸ್ಸರ ಮಗ. ಉದ್ದೇಶವೇನು ಎಂದು ಸರ್ಕಾರ ಕೇಳಿದರೆ ನನಗೆ ಪರೀಕ್ಷೆಯ ಪ್ರಶ್ನೆಯಂತೆ ಕಾಣುತ್ತದೆ. ಮೊಟ್ಟೆ ಬೆಂದ ಒಲೆಯ ಮೇಲೆ ಬೆಂದದ್ದನ್ನು ನನ್ನ ತಾಯಿ ಉಣ್ಣುವುದಿಲ್ಲವಾಗಿ ಅವರಿಗೆ ಪ್ರತ್ಯೇಕ ಅಡಿಗೆಮನೆ ಅಗತ್ಯವಾಗಿದೆ ಎಂದು, ಪೂರ್ಣ ಅಂಕಕ್ಕೆ ಬರೆಯುವವನಂತೆ ಬರೆದು, ಸಿಟಿ ಹಾಲಿಗೆ ಹೋದೆ.

ಅಲ್ಲಿ ಪರ್ಮಿಟ್ ಕೌಂಟರಿನ ಮುಂದೆ ದೊಡ್ಡ ಸಾಲು. ಷೇರಿನ ಕಾಗದದ ಮೇಲೆ ಶ್ರೀಮಂತರಾದವರೆಲ್ಲ ಕಾಗದದ ಮೇಲೆ ಕೋಣೆ ಬರೆದುಕೊಂಡು ಬಂದಿದ್ದರು. ಕೌಂಟರಿನ ಆಚೆ ಲಿಂಡಾ ಎಂಬ ಹೆಂಗಸು, ಪ್ಲಾನಿಂಗ್ ಅಧಿಕಾರಿ. ನಾನು ಬರೆದದ್ದನ್ನು ಆಕೆ ಎರಡು ಸಲ ಓದಿದರು. ನಗಲಿಲ್ಲ.

"ಇದು ಧರ್ಮದ ಕಾರಣವೇ?" ಎಂದು ಕೇಳಿದರು.

"ಅರ್ಧ ಧರ್ಮ, ಅರ್ಧ ಅಮ್ಮ," ಎಂದೆ.

ಆಕೆ ಗಂಭೀರವಾಗಿ ತಲೆಯಾಡಿಸಿ, ತಲೆದಿಂಬಿನಷ್ಟು ದಪ್ಪದ ಒಂದು ನಿಯಮಾವಳಿ ತೆಗೆದು, ಬೆರಳಿಟ್ಟು ಓದಿ ವಿವರಿಸಿದರು. ಕೋಣೆ ಕಟ್ಟಿಸಿ, ತೊಂದರೆಯಿಲ್ಲ. ಮಂಚ ಹಾಕಿ, ಬಚ್ಚಲು ಮಾಡಿ, ನಲ್ಲಿ ಬೇಕಾದರೂ ಇಡಿ, ಅದು ಕೋಣೆಯೇ. ಆದರೆ ಅದರೊಳಗೆ ಒಲೆ ಬಂತೋ, ಅದು ಕೋಣೆಯಲ್ಲ, ಇನ್ನೊಂದು ಮನೆ. ಇನ್ನೊಂದು ಮನೆಯಾದರೆ ಅದಕ್ಕೆ ಬೇರೆ ನಂಬರು, ಕಾರು ನಿಲ್ಲಿಸಲು ಬೇರೆ ಜಾಗ, ನೆರೆಯವರಿಗೆಲ್ಲ ತಿಳುವಳಿಕೆ, ಬಹಿರಂಗ ವಿಚಾರಣೆ.

"ಅಮ್ಮನಿಗೆ ಕಾರು ಓಡಿಸೋಕೆ ಬರಲ್ಲವಲ್ಲ," ಎಂದೆ.

"ಜಾಗ ಬೇಕಾಗಿರುವುದು ನಿಮ್ಮ ತಾಯಿಗಲ್ಲ, ಒಲೆಗೆ," ಎಂದರು ಲಿಂಡಾ.

ಕೌಂಟರಿನ ಆಚೆ ಕೂತು ಮಾತಾಡುತ್ತಿದ್ದದ್ದು ಲಿಂಡಾ ಅಲ್ಲ, ನಮ್ಮಜ್ಜಿ.

ಮಂಡ್ಯದ ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗ ದೊಡ್ಡಪ್ಪನವರದೂ ನಮ್ಮದೂ ಒಟ್ಟು ಸಂಸಾರ, ಒಂದೇ ಸೌದೆ ಒಲೆ. ಬೆಳಗ್ಗೆ ಅಜ್ಜಿ ಅದನ್ನು ಸಾರಿಸಿ, ಸಣ್ಣ ರಂಗೋಲಿ ಎಳೆದು, ಆಮೇಲೆ ಹೊತ್ತಿಸುವರು. ಮಕ್ಕಳು ಚಳಿಗೆ ಹತ್ತಿರ ಕೂತರೂ ಮುಟ್ಟುವ ಹಾಗಿಲ್ಲ. ಬಾಣಲೆಯ ತಳದ ಕಪ್ಪು ಅಂಗಿಗೆ ಅಂಟಿದರೆ ಶಾಲೆಯಲ್ಲಿ ಏಟು, ಮನೆಯಲ್ಲಿ ಏಟು. ದೊಡ್ಡಮ್ಮ ಒಂದು ಸಲ ತವರಿನಿಂದ ಬರುವಾಗ ಪಂಪ್ ಸ್ಟೌ ತಂದರು. ಗಂಡನಿಗೆ ಬೇಗ ಕಾಫಿ ಬೇಕು, ಹಿಂದಿನ ಜಗಲಿಯಲ್ಲಿ ಒಂದು ಲೋಟ ಮಾಡಿಕೊಡುತ್ತೇನೆ, ಅಷ್ಟೆ ಎಂದರು. ಮಾರನೆಯ ಬೆಳಗ್ಗೆ ಜಗಲಿಯಿಂದ ಭರ್ರೆಂದು ಸದ್ದು ಬಂತು. ಅಜ್ಜಿ ಹಿಟ್ಟು ಕಲಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ಆಯ್ತು. ಮನೆ ಎರಡಾಯ್ತು," ಎಂದು ತಾತನಿಗೆ ಹೇಳಿ ಮತ್ತೆ ಕಲಸತೊಡಗಿದರು. ಯಾರೂ ಜಗಳವಾಡಲಿಲ್ಲ. ಕಾಫಿಯ ಹಿಂದೆ ಉಪ್ಪಿಟ್ಟು ಹೋಯಿತು, ಉಪ್ಪಿಟ್ಟಿನ ಹಿಂದೆ ಊಟ. ಕೊನೆಗೆ ದೊಡ್ಡಪ್ಪ ಬೇರೆ ರೇಷನ್ ಕಾರ್ಡಿಗೆ ಅರ್ಜಿ ಹಾಕಿದರು. ತನಿಖೆಗೆ ಬಂದ ಸಾಹೇಬರು ಮನೆಯ ಗೋಡೆ ನೋಡಲಿಲ್ಲ, ಪತ್ರ ನೋಡಲಿಲ್ಲ. ಒಳಗಿನ ಒಲೆಯ ಮೇಲೆ ಅಂಗೈ ಆಡಿಸಿದರು. ಜಗಲಿಯ ಸ್ಟೌ ಮೇಲೆ ಅಂಗೈ ಆಡಿಸಿದರು. "ಎರಡೂ ಬಿಸಿ ಇದೆ," ಎಂದರು. ಅಲ್ಲಿಗೆ ನಾವು ಎರಡು ಮನೆಯವರಾದೆವು. ಅಂಗೈಯಲ್ಲಿ ಸಂಸಾರ ಒಡೆಯುವ ಅಂಥ ಕೆಲಸವೇ ದೊಡ್ಡವನಾದ ಮೇಲೆ ನನಗೂ ಸಿಗಲಿ ಎಂದು ಆಗ ದೇವರನ್ನು ಬೇಡಿಕೊಂಡಿದ್ದೆ. ಸಾಫ್ಟ್‌ವೇರು ಸಿಕ್ಕಿತು.

ಸಮುದ್ರ ದಾಟಿ ಬಂದರೆ ಅಜ್ಜಿಯ ಕಾನೂನು ಇಲ್ಲಿ ಮೊದಲೇ ಬಂದು, ಅಚ್ಚಾಗಿ, ಕೂತಿತ್ತು.

ವಿಚಾರಣೆಗೆ ಮುಂಚೆ ನಮ್ಮ ಮನೆ ಮುಂದಿನ ಹುಲ್ಲಿನಲ್ಲಿ ಒಂದು ಹಳದಿ ಬೋರ್ಡು ನೆಡಬೇಕಾಯಿತು: ಇಲ್ಲಿ ಒಲೆಯುಳ್ಳ ಕೋಣೆ ಕಟ್ಟುವ ಪ್ರಸ್ತಾಪವಿದೆ, ಆಕ್ಷೇಪಣೆಯಿದ್ದವರು ತಿಳಿಸತಕ್ಕದ್ದು. ಅಮ್ಮ ಹೊರಗೆ ಬಂದು ನೋಡಿ ನಿಂತುಬಿಟ್ಟರು.

"ಏನೋ ಇದು, ಜಪ್ತಿ ನೋಟೀಸೇನೋ?"

"ಅಲ್ಲಮ್ಮ. ನಿನ್ನ ಒಲೆ ವಿಷಯ."

"ನನ್ನ ಒಲೆ ವಿಷಯ ಬೀದೀಲಿ ಯಾಕೋ? ಸಾಲ ತೀರಿಸದೇ ಇದ್ದೋರ ಮನೆ ಮುಂದೆ ಹಾಕೋದು ಇಂಥದ್ದು."

ಮಾರನೆಯ ದಿನ ನಾನು ಮನೆಗೆ ಬಂದಾಗ ಬೋರ್ಡು ಕಾಣಲಿಲ್ಲ. ಅದರ ಮೇಲೆ ಅಮ್ಮನ ಒಂಬತ್ತು ಗಜದ ಸೀರೆ ಒಣಗುತ್ತಿತ್ತು. ಅದರ ಮಾರನೆಯ ದಿನವೂ. ಕೊನೆಗೆ ಲಿಂಡಾ ಫೋನು ಮಾಡಿ, ನೋಟೀಸು ಕಾಣಿಸುತ್ತಿಲ್ಲವೆಂದು ಯಾರೋ ತಿಳಿಸಿದ್ದಾರೆ, ಅದರ ಮೇಲಿರುವ ಧ್ವಜವನ್ನು ದಯವಿಟ್ಟು ತೆಗೆಯಿರಿ ಎಂದರು. ನೆರೆಯವರಿಗೆ ಕಾಗದಗಳೂ ಹೋದವು. ನಾನು ಮುಖ ನೋಡಿ ಮಾತಾಡಿಸದಿದ್ದ ಜನ ಬಾಗಿಲು ತಟ್ಟಿದರು. ಎದುರುಮನೆಯ ಮುದುಕರೊಬ್ಬರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಿಮ್ಮ ತಾಯಿಯ ಬಗ್ಗೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ," ಎಂದು ಹೇಳಿ ಹೋದರು. ನನ್ನ ತಾಯಿಯ ಬಗ್ಗೆ ಆಕ್ಷೇಪಣೆಯಿದೆಯೇ ಎಂದು ಊರನ್ನೇ ಕೇಳಿದ ಸರ್ಕಾರವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಮ್ಮ ತಂದೆಯೂ ಎಂದೂ ಕೇಳಿದವರಲ್ಲ.

ವಿಚಾರಣೆಯ ಸಂಜೆ ನಾಲ್ವರೂ ಹೋದೆವು. ಎತ್ತರದ ವೇದಿಕೆಯ ಮೇಲೆ ಐದು ಜನ ಕಮಿಷನರುಗಳು, ಎಲ್ಲರೂ ಊರಿನವರೇ. ಹಲ್ಲಿನ ಡಾಕ್ಟರೊಬ್ಬರು ಅಧ್ಯಕ್ಷರು. ಕನ್ನಡಕವನ್ನು ಸರದಲ್ಲಿ ತೂಗುಹಾಕಿಕೊಂಡ ಒಬ್ಬ ಹಿರಿಯ ಹೆಂಗಸೂ ಇದ್ದರು. ನಮಗಿಂತ ಮೊದಲಿದ್ದದ್ದು ಒಂದು ಡಾಟ್‌ಕಾಂ ಕಂಪನಿಯ ದೊಡ್ಡ ಕಟ್ಟಡದ ಅರ್ಜಿ. ಕರೆದರು, ಯಾರೂ ಏಳಲಿಲ್ಲ. ಮತ್ತೆ ಕರೆದರು. ಅರ್ಜಿ ಹಾಕಿದಾಗ ಇದ್ದ ಕಂಪನಿ ವಿಚಾರಣೆಯ ಹೊತ್ತಿಗೆ ಇರಲಿಲ್ಲ. ಅಧ್ಯಕ್ಷರು ಹಾಳೆ ತಿರುವಿ ಅಮ್ಮನ ಒಲೆಗೆ ಬಂದರು.

ಲಿಂಡಾ ಎದ್ದು ವರದಿ ಓದಿದರು. ಒಲೆಗೆ ಅಡ್ಡಿಯಿಲ್ಲ. ಆದರೆ ಒಲೆಯಿದ್ದರೆ ಅದು ಬೇರೆ ಮನೆಯಾದ್ದರಿಂದ, ನಕ್ಷೆಯಲ್ಲಿ ಮನೆಗೂ ಕೋಣೆಗೂ ನಡುವೆ ತೋರಿಸಿರುವ ಒಳಬಾಗಿಲನ್ನು ಗೋಡೆ ಕಟ್ಟಿ ಮುಚ್ಚಬೇಕು, ಓಡಾಟ ಹೊರಗಿನಿಂದಲೇ. ಒಳಬಾಗಿಲು ಉಳಿಯಬೇಕಾದರೆ ಒಲೆಯನ್ನು ಬಿಡಬೇಕು. ಒಲೆ ಅಥವಾ ಬಾಗಿಲು, ಎರಡರಲ್ಲಿ ಒಂದು.

ಇದು ನನಗೆ ಹೊಸದು. ಆದರೂ ನಾನು ಮೈಕಿನ ಮುಂದೆ ನಿಂತು, ನಮ್ಮ ಆಯ್ಕೆ ಒಲೆ ಎಂದು ಹೇಳಲು ಬಾಯಿ ತೆರೆದೆ. ಆ ಹಿರಿಯ ಹೆಂಗಸು ಕನ್ನಡಕ ಏರಿಸಿ, "ಒಂದು ನಿಮಿಷ. ಅರ್ಜಿಯಲ್ಲಿ ಎರಡು ಹೆಸರಿದೆ. ಇನ್ನೊಬ್ಬರು ಏನು ಹೇಳುತ್ತಾರೆ?" ಎಂದರು.

ವತ್ಸಲೆ ಎದ್ದು ಬಂದಳು. ಮೈಕು ಅವಳಿಗೆ ಎತ್ತರವಾಗಿತ್ತು, ಬಗ್ಗಿಸಿಕೊಂಡಳು. "ನನಗೆ ಬಾಗಿಲು ಬೇಕು," ಎಂದಳು. ಹೋಗಿ ಕೂತಳು.

ನಾನು ಹೆಂಡತಿಯ ಅಭಿಪ್ರಾಯವನ್ನು ಮೊದಲ ಸಲ ಧ್ವನಿವರ್ಧಕದಲ್ಲಿ ಕೇಳಿದೆ. ಅಮ್ಮ ಮಡಿಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ಕೋಣೆ ಯಾರಿಗೋ ಅವರನ್ನೂ ಕೇಳಬೇಕು ಎಂದು ಅಧ್ಯಕ್ಷರು ಹೇಳಿದಾಗ, ಕೂತಲ್ಲಿಂದಲೇ ಶಾಲೆಯ ಇಂಗ್ಲಿಷಿನಲ್ಲಿ, "ನಾನು ಯೋಚಿಸಬೇಕು," ಎಂದರು. ಐವರೂ ತಲೆಬಾಗಿ ಪರಸ್ಪರ ಮಾತಾಡಿಕೊಂಡರು. ಆಕೆ ಯೋಚಿಸಲಿ, ಮುಂದಿನ ಸಭೆಗೆ ಇಡೋಣ ಎಂದು ನಿರ್ಣಯವಾಯಿತು. ಒಂದು ಊರಿನ ಆಡಳಿತ ನಮ್ಮಮ್ಮ ಯೋಚಿಸಿ ಮುಗಿಸಲೆಂದು ಕಾದದ್ದು ಹೀಗೆ.

ಮನೆಗೆ ಬಂದವರೇ ದೂರ ದೂರವಾದೆವು. ಅಮ್ಮ ಗರಾಜಿನಲ್ಲಿ, ವತ್ಸಲೆ ಅಡಿಗೆಮನೆಯಲ್ಲಿ, ಅನೂ ಎರಡಕ್ಕೂ ನಡುವೆ. ಸೂಟ್‌ಕೇಸ್ ಕೆಳಗಿಳಿಸು ಎಂದು ಅಮ್ಮ ಯಾವಾಗ ಹೇಳುತ್ತಾರೋ ಎಂದು ನಾನು ಕಾಯುತ್ತಿದ್ದೆ. ಒಂದು ಶನಿವಾರ ಬೆಳಗ್ಗೆ ಗರಾಜಿನ ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಒಳಗೆ ಮಾತು ಕೇಳಿಸಿತು. ಪೈಪು ಹಿಡಿದು ಅಲ್ಲೇ ನಿಂತೆ.

"ಅಷ್ಟು ಜನರ ಮುಂದೆ ಬಾಗಿಲು ಬೇಕು ಅಂದ್ಬಿಟ್ಯಲ್ಲೇ," ಎಂದಿತು ಅಮ್ಮನ ಧ್ವನಿ.

"ಕೇಳಿದ್ರು, ಹೇಳ್ದೆ ಅತ್ತೆ. ಅಲ್ಲೀ ತನಕ ಯಾರೂ ಕೇಳಿರ್ಲಿಲ್ಲ," ಎಂದಳು ವತ್ಸಲೆ.

"ನಾನೂ ಕೇಳ್ಲಿಲ್ಲ ಅನ್ನು."

"ನೀವು ಟಿಕೆಟ್ ಮಾಡ್ಸು ಅಂದ್ರಿ. ಅದನ್ನ ಕೇಳೋದು ಅಂತಾರಾ?"

ತೆಂಗಿನಕಾಯಿ ತುರಿಯುವ ಸದ್ದು ಜೋರಾಯಿತು.

"ಬಾಗಿಲು ಯಾಕೆ ನಿಂಗೆ?"

"ಗೋಡೆ ಹಾಕಿದ್ರೆ ಅನೂ ನಿಮ್ಮ ಹತ್ರ ಬರಕ್ಕೆ ಚಪ್ಪಲಿ ಮೆಟ್ಕೊಂಡು, ಮನೆ ಸುತ್ತಿ, ಬೆಲ್ ಒತ್ಬೇಕು. ಅಜ್ಜಿ ಹತ್ರ ಬೆಲ್ ಒತ್ತಿ ಹೋಗೋ ಮಗು ಆಗ್ತಾಳೆ ಅತ್ತೆ. ನಾನೂ ಹಂಗೇ ಆಗ್ತೀನಿ."

"ಮತ್ತೆ ಆ ಮೊಟ್ಟೆ?"

"ಮೊಟ್ಟೆ ನಾನೆಲ್ಲಿ ತಿಂತೀನಿ? ತಿನ್ನೋದು ನಿಮ್ಮಗ, ನಿಮ್ಮ ಮೊಮ್ಮಗಳು."

"ನೀನು ತಿನ್ನಲ್ವಾ?"

"ಬಂದಾಗಿಂದ ನೋಡ್ತಿದೀರಲ್ಲ. ಒಂದಿನಾನಾದ್ರೂ ತಿಂದಿದೀನಾ?"

ತುರಿಯುವ ಸದ್ದು ನಿಂತಿತು. "ಅಲ್ವೇ, ಹಾಗಾದ್ರೆ ಮೊಟ್ಟೆ ಆಚೆ ಹೋಗ್ಲಿ. ನಾನ್ಯಾಕೆ ಹೋಗ್ಲಿ?"

ಅಮ್ಮನಿಗೆ ಮನೆ ಕಟ್ಟಲು ನಕ್ಷೆ, ಬೋರ್ಡು, ವಿಚಾರಣೆ ಎಲ್ಲ ಮಾಡಿದೆವು; ಮೊಟ್ಟೆಯನ್ನು ಹೊರಗೆ ಕಳಿಸಬಹುದೆಂದು ನನಗಾಗಲಿ ಸಿಟಿ ಹಾಲಿಗಾಗಲಿ ಹೊಳೆದಿರಲಿಲ್ಲ.

"ಆ ಹಳೇ ಒಲೆ ತೆಗೆಸಿ ಹೊಸದು ಹಾಕ್ಸೋಣ," ಎನ್ನುತ್ತಿದ್ದಳು ವತ್ಸಲೆ. "ಅಡಿಗೆ ನಿಮ್ದು. ಆದ್ರೆ ಸಾಯಂಕಾಲದ ಕಾಫಿ ನಾನೇ ಮಾಡ್ಕೊತೀನಿ. ಬೇಜಾರು ಮಾಡ್ಕೋಬೇಡಿ, ನಿಮ್ಮ ಕಾಫಿ ನೀರು ನೀರು."

"ನನ್ನ ಕಾಫಿನಾ?"

"ಹೂಂ."

"ಇಷ್ಟು ದಿನ ಕುಡಿದ್ಯಲ್ಲೇ."

"ಹೇಳಕ್ಕೆ ಯಾವ ಸಭೆಯೂ ಸೇರಿರ್ಲಿಲ್ವಲ್ಲ."

ಅಮ್ಮ ನಕ್ಕರು. ಆಮೇಲೆ ನನಗೆ ಕೇಳಿಸಲೆಂದೇ ಧ್ವನಿ ಎತ್ತರಿಸಿ, "ನೀರು ಹರಿದು ಬೀದಿಗೆ ಹೋಗ್ತಿದೆ, ನಲ್ಲಿ ನಿಲ್ಸೋ," ಎಂದರು.

ಹಿತ್ತಲಲ್ಲಿ ಒಂದು ಬಾರ್ಬೆಕ್ಯೂ ಒಲೆ ತುಕ್ಕು ಹಿಡಿಯುತ್ತಿತ್ತು. ಮೊಟ್ಟೆಗೆಂದು ಅದನ್ನು ಹೊತ್ತಿಸಿದರೆ ನಾವು ಮತ್ತೆ ಎರಡು ಮನೆಯವರಾಗುತ್ತೇವೆಯೇ ಎಂದು ಲಿಂಡಾರನ್ನು ಫೋನಿನಲ್ಲಿ ಕೇಳಿದೆ. ನಿಯಮಾವಳಿ ನೋಡಿ, ಆಕಾಶದ ಕೆಳಗಿರುವುದು ಅಡಿಗೆಮನೆಯಲ್ಲ ಎಂದು ತಿಳಿಸಿದರು.

ಎರಡನೆಯ ಸಭೆಗೆ ಅಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಉಡುತ್ತಿದ್ದಂಥ ಜರಿ ಸೀರೆ ಉಟ್ಟು ಬಂದರು. ಹೆಸರು ಕರೆದಾಗ ತಾವೇ ಮೈಕಿನ ಮುಂದೆ ಹೋಗಿ ನಿಂತರು. ನಿಂತ ರೀತಿಗೆ ವೇದಿಕೆಯ ಮೇಲಿನವರು ಸ್ವಲ್ಪ ನೆಟ್ಟಗಾದರು.

"ಮಾನ್ಯ ಅಧ್ಯಕ್ಷರೇ," ಎಂದು ಇಂಗ್ಲಿಷಿನಲ್ಲಿ ಆರಂಭಿಸಿದರು. "ನಾನು ಬಾಗಿಲನ್ನು ಆರಿಸಿದ್ದೇನೆ. ನನ್ನ ಕೋಣೆಗೆ ಒಲೆ ಬೇಡ. ಸೊಸೆಯ ಒಲೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಮಗ ಹೊರಗೆ ಹೋಗುತ್ತಾನೆ."

ಅಧ್ಯಕ್ಷರು ಗಾಬರಿಯಾಗಿ ನನ್ನ ಕಡೆ ನೋಡಿದರು. "ನಿಮ್ಮ ಮಗ ಮನೆ ಬಿಡುತ್ತಿದ್ದಾರೆಯೇ?"

"ಮೊಟ್ಟೆ ಹುರಿಯುವಾಗ ಮಾತ್ರ," ಎಂದರು ಅಮ್ಮ.

ಐವರೂ ಒಬ್ಬೊಬ್ಬರಾಗಿ ಸಮ್ಮತಿ ಹೇಳಿದರು. ಒಲೆಯಿಲ್ಲದ, ಬಾಗಿಲುಳ್ಳ ಒಂದು ಕೋಣೆ ಮಂಜೂರಾಯಿತು. ನಾನು ಏಳಲು ಹೊರಟೆ. ಅಮ್ಮ ಮೈಕು ಬಿಡಲಿಲ್ಲ.

"ಇನ್ನೊಂದು ಪ್ರಶ್ನೆ. ಆ ಬಾಗಿಲಿಗೆ ಚಿಲಕ ಯಾವ ಕಡೆ ಇರಬೇಕು?"

ಅಧ್ಯಕ್ಷರು ಲಿಂಡಾರ ಕಡೆ ನೋಡಿದರು. ಲಿಂಡಾ ನಿಯಮಾವಳಿ ತೆರೆದರು. ಮುಂದಿನಿಂದ ಹಿಂದಕ್ಕೆ ತಿರುವಿದರು, ಹಿಂದಿನಿಂದ ಮುಂದಕ್ಕೆ. ಒಲೆಗೆ ಕಾರಿನ ಜಾಗ ಗೊತ್ತುಮಾಡಿದ್ದ, ಆಕಾಶದ ಕೆಳಗಿನದನ್ನೂ ಬಿಡದಿದ್ದ ಆ ಪುಸ್ತಕ ಮೊದಲ ಸಲ ಸುಮ್ಮನಿತ್ತು.

"ಅದರ ಬಗ್ಗೆ ಏನೂ ಹೇಳಿಲ್ಲ," ಎಂದರು ಲಿಂಡಾ.

"ಅದು ನಮ್ಮ ಅಧಿಕಾರಕ್ಕೆ ಬರುವುದಿಲ್ಲ. ನೀವು ನೀವೇ ತೀರ್ಮಾನಿಸಿಕೊಳ್ಳಬೇಕು," ಎಂದರು ಅಧ್ಯಕ್ಷರು.

ಮನೆಗೆ ಹೋಗಿ ತೀರ್ಮಾನಿಸಿಕೊಳ್ಳಿ ಎಂದು ಅವರ ಅರ್ಥ. ಅಮ್ಮ ಅಲ್ಲೇ ಹಿಂದಕ್ಕೆ ತಿರುಗಿ, ಮೈಕು ಇನ್ನೂ ಹತ್ತಿರವಿದ್ದಂತೆಯೇ, ಸಭಾಂಗಣಕ್ಕೆಲ್ಲ ಕೇಳುವಂತೆ, "ವತ್ಸಲಾ, ಚಿಲಕ ಯಾವ ಕಡೆ ಹಾಕ್ಸೋಣ?" ಎಂದರು.

ವತ್ಸಲೆ ಅನೂಳ ಜಡೆ ಸರಿಮಾಡುತ್ತಿದ್ದವಳು ತಲೆಯೆತ್ತಿದಳು.

"ನಿಮ್ಮ ಕಡೆ ಹಾಕ್ಸಿ ಅತ್ತೆ. ನಮ್ಮ ಕಡೆ ಬೇಡ."

ಅಮ್ಮ ಕ್ಷಣ ಹೊತ್ತು ಅವಳನ್ನೇ ನೋಡಿದರು. "ಹೂಂ," ಎಂದು ಹೇಳಿ, ಸೀರೆಯ ಸೆರಗು ಸರಿಮಾಡಿಕೊಂಡು, ಬಂದು ಅವಳ ಪಕ್ಕದಲ್ಲಿ ಕೂತರು.

ಮಾತು ದಾಖಲೆಗೆ ಹೋಗಬೇಕು, ಏನೆಂದರು, ದಯವಿಟ್ಟು ಅನುವಾದಿಸಿ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ನಾನು ಎದ್ದು, ಮೈಕಿನ ಹತ್ತಿರ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಟೈಪು ಮಾಡುತ್ತಿದ್ದ ಹುಡುಗಿ ಬೆರಳು ನಿಲ್ಲಿಸಿ ಅಧ್ಯಕ್ಷರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಬರೆದುಕೊಂಡಳು.